ಕೈನಾತ ಕುಂತ ಗಾಡಿ

ಅಥಣಿ ರಸ್ತೆಯಲ್ಲಿ ಟಿಂಕರ್ ಶಕೀಲನ ಗ್ಯಾರೇಜು ಎಲ್ಲಿ ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಗುದ್ದಿಸಿಕೊಂಡು ಮೂತಿ ಒಳಗೆ ಹೋದ ಕಾರು, ಬದುವಿನಿಂದ ಉರುಳಿದ ಜೀಪು, ಬೇರೆ ಗ್ಯಾರೇಜಿನವರು ಕೈ ಚೆಲ್ಲಿದ ಗಾಡಿ, ಎಲ್ಲ ಅವನ ಅಂಗಳಕ್ಕೇ ಬಂದು ಬೀಳುತ್ತಿದ್ದವು. ಅವನು ಬಡಿದು, ಎಳೆದು, ಕತ್ತರಿಸಿ, ಬೆಸೆದು, ಬಣ್ಣ ಹೊಡೆದು ರಸ್ತೆಗೆ ಬಿಡುತ್ತಿದ್ದ. ಕೆಲಸ ಬಲ್ಲ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಕೆಲಸ ಬಾರದವನು ಮೋಸ ಮಾಡಿದರೆ ಎರಡೇ ದಿನಕ್ಕೆ ಬಯಲಾಗುತ್ತದೆ. ಇವನು ಮಾಡಿದ್ದು ಅಷ್ಟು ಬೇಗ ಬಯಲಾಗುತ್ತಿರಲಿಲ್ಲ.

ಅವನ ಗ್ಯಾರೇಜಿಗೆ ಒಂದು ಪದ್ಧತಿ ಇತ್ತು. ದೊಡ್ಡ ರಿಪೇರಿ ಮುಗಿಸಿ ಗಾಡಿಯ ಕೀಲಿಯನ್ನು ಮಾಲಕನ ಕೈಗೆ ಕೊಡುವಾಗ ಶಕೀಲ ತನ್ನ ಒಬ್ಬಳೇ ಮಗಳು ಕೈನಾತಳನ್ನು ಕೂಗಿ ಕರೆಯುತ್ತಿದ್ದ. ಮನೆ ಗ್ಯಾರೇಜಿನ ಹಿಂದೆಯೇ. ಆಕೆ ಓಡಿ ಬಂದು ಮುಂದಿನ ಎಡಗಡೆ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳಬೇಕು. ಮಾಲಕ ಗಾಡಿ ಹೊಡೆಯಬೇಕು. ಬೈಪಾಸಿನ ತನಕ ಜೋರಾಗಿ ಹೋಗಿ ಬರಬೇಕು.

"ನನ್ನ ಕರಳಿನ ಕುಡೀನ ಕುಂದ್ರಿಸೇನ್ರಿ. ಇದಕ್ಕಿಂತ ದೊಡ್ಡ ಗ್ಯಾರಂಟಿ ಯಾವ ಕಂಪನಿ ಕೊಡತೈತಿ ಹೇಳ್ರಿ?" ಅನ್ನುತ್ತಿದ್ದ.

ಕೇಳಿದವರ ಮನಸ್ಸು ಕರಗಿ ನೀರಾಗುತ್ತಿತ್ತು. ಮೂರು ವರ್ಷದ ಕೂಸಾಗಿದ್ದಾಗಿನಿಂದ ಏಳನೇ ತರಗತಿಗೆ ಬರುವ ತನಕ ಆ ಹುಡುಗಿ ಹೀಗೆ ಎಷ್ಟು ಗಾಡಿಗಳಲ್ಲಿ ಕೂತಿದ್ದಳೋ, ಲೆಕ್ಕವಿಲ್ಲ. ಸುತ್ತು ಹೊಡೆದು ಬಂದ ಮೇಲೆ ಮಾಲಕರು ಚಾಕಲೇಟು ಕೊಡುತ್ತಿದ್ದರು. ಆಕೆಗೂ ಅದೊಂದು ಹಬ್ಬ. ಶಕೀಲ ಮಾತ್ರ ಯಾವ ಗಾಡಿಗೂ ಹತ್ತುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ಕೈ ಕಟ್ಟಿ ನಿಂತು ನಗುತ್ತಿದ್ದ.

ಶಾಹಿಸ್ತಾ ಅವನ ತಂಗಿ. ತಾಯಿ ತಂದೆ ಬೇಗ ಹೋದದ್ದರಿಂದ ಅವನೇ ಸಾಕಿ ಬೆಳೆಸಿ, ತಿಕೋಟಾದ ಅಶ್ಫಾಕನಿಗೆ ಕೊಟ್ಟು ನಿಕಾಹ್ ಮಾಡಿದ್ದ. ಅದನ್ನು ಅವನೂ ಮರೆತಿರಲಿಲ್ಲ, ಆಕೆಯೂ ಮರೆಯುವ ಹಾಗೆ ಇಟ್ಟಿರಲಿಲ್ಲ. ಅಶ್ಫಾಕ ಕಾರು ಕಲಿಸುವ ಸ್ಕೂಲು ನಡೆಸುತ್ತಿದ್ದ. ಇದ್ದದ್ದು ಒಂದೇ ಗಾಡಿ, ಬಿಳಿ ಬಣ್ಣದ ಹಳೆ ಮಾರುತಿ. ಕಲಿಸುವವರು ಎಡಗಡೆ ಕೂತು ಒತ್ತಲಿಕ್ಕೆ ಅದರಲ್ಲಿ ಇನ್ನೊಂದು ಬ್ರೇಕು ಕೂಡಿಸಿದ್ದ. ಮದುವೆಯಾದ ಹೊಸದರಲ್ಲೇ ಹೆಂಡತಿಗೂ ಕಲಿಸಿ ಲೈಸನ್ಸು ಮಾಡಿಸಿದ. ಆಮೇಲೆ ಗಂಡಸರಿಗೆ ಅವನು, ಹೆಂಗಸರಿಗೆ ಆಕೆ. ದಿನಾ ಬೆಳಿಗ್ಗೆ ಇಬ್ಬರೂ ತಿಕೋಟಾದಿಂದ ವಿಜಯಪುರಕ್ಕೆ ಬಂದು ಜಲನಗರದಲ್ಲಿ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ನೌಕರಿಯ ಹೆಂಗಸರು, ಟೀಚರುಗಳು, ನರ್ಸುಗಳು ಶಾಹಿಸ್ತಾಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬೈಯದೆ ಕಲಿಸುತ್ತಾಳೆ ಅಂತ.

ಗಾಡಿಯನ್ನು ಅಶ್ಫಾಕ ಕೂಸಿನ ಹಾಗೆ ನೋಡಿಕೊಂಡಿದ್ದ. ಒಂದು ಮಳೆಗಾಲದ ಮುಂಚೆ ಮನೆಯ ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಡಬ್ಬಿಯಲ್ಲಿ ಉಳಿದದ್ದನ್ನು ಚೆಲ್ಲುವುದು ಯಾಕೆ ಅಂತ ಅವನು ಬ್ರಷ್ಷು ಹಿಡಿದು ಗಾಡಿಯ ಕೆಳಗೆ ಹೊಕ್ಕು, ಎರಡೂ ಚಾಸಿಯ ಒಳಕ್ಕೆ ತೂತುಗಳಿಂದ ಬಳಿದುಬಿಟ್ಟ. ಚಾಸಿ ಅಂದರೆ ಬಾನೆಟ್ಟಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇಂಜಿನ್ ಹೊತ್ತು ನಿಲ್ಲುವ ಪೆಟ್ಟಿಗೆಯಂಥ ಕಬ್ಬಿಣದ ತೊಲೆ. ಗಾಡಿ ಗುದ್ದಿದಾಗ ಮೊದಲು ಪೆಟ್ಟು ತಿನ್ನುವುದೂ ಅದೇ, ಒಳಗೆ ಕೂತವರ ಕಾಲು ಉಳಿಸುವುದೂ ಅದೇ.

"ತುಕ್ಕ ಹತ್ತಂಗಿಲ್ಲ ನೋಡು ಇನ್ನ. ಎಲ್ಲಿ ಹೋದ್ರೂ ಮನಿ ಬಾಗಲಾ ಸಂಗಾಟ ಬರತೈತಿ," ಅಂತ ಕೆಳಗಿನಿಂದಲೇ ಕೂಗಿದ್ದ. ಆಕೆ ನಕ್ಕಿದ್ದಳು.

ಅಂಥವನು ಕಾಮಾಲೆಗೆ ಸಿಕ್ಕು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಉಳಿದವರು ಶಾಹಿಸ್ತಾ, ಕಣ್ಣಿಗೆ ಪೊರೆ ಬಂದ ಅತ್ತೆ ಅಬೇದಾ, ಮತ್ತು ಅಂಗಳದಲ್ಲಿ ಆ ಗಾಡಿ. ಶಾಹಿಸ್ತಾ ಇದ್ದತ್ತಿಗೆ ಕೂತಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇದ್ದು, ಹೊರಗಿನ ಗಂಡಸರ ಎದುರಿಗೆ ಬರದೆ ಕಳೆಯುವ ಕಾಲ ಅದು. ದುಃಖದಲ್ಲೂ ಆಕೆಗೆ ಒಂದು ಧೈರ್ಯವಿತ್ತು. ಈ ದಿನಗಳು ಮುಗಿಯುತ್ತವೆ, ಮುಗಿದ ಮರುದಿನ ಗಾಡಿ ತೆಗೆದುಕೊಂಡು ಜಲನಗರಕ್ಕೆ ಹೋಗುವುದು, ಬಿಟ್ಟ ಕ್ಲಾಸು ಹಿಡಿಯುವುದು. ಬ್ಯಾಂಕಿನ ವಿಜಯಲಕ್ಷ್ಮೀ ಆಗಲೇ ಫೋನು ಮಾಡಿ, "ನೀವು ಬರೂತನಕ ನಾ ಬೇರೆ ಕಡೆ ಕಲಿಯಂಗಿಲ್ರಿ ಅಕ್ಕಾರ," ಅಂದಿದ್ದಳು. ಆ ಒಂದು ಮಾತು ಶಾಹಿಸ್ತಾಳಿಗೆ ಎಷ್ಟೋ ದಿನದ ಊಟವಾಗಿತ್ತು.

ಅದೇ ಹೊತ್ತಿಗೆ ಬಬಲೇಶ್ವರದ ಅರುಣಕುಮಾರ ಅನ್ನುವ ಒಣದ್ರಾಕ್ಷಿ ವ್ಯಾಪಾರಿ ಅಶ್ಫಾಕನದೇ ಮಾದರಿಯ ತನ್ನ ಹಳೆ ಮಾರುತಿಯನ್ನು ಕಬ್ಬಿನ ಟ್ರಾಲಿಯ ಹಿಂಬದಿಗೆ ಒಯ್ದು ಗುದ್ದಿದ. ಅವನ ಮನೆಯಲ್ಲಿ ಹೊಸ ದೊಡ್ಡ ಗಾಡಿಗಳಿದ್ದವು. ಆದರೆ ಈ ಹಳೆಯದು ಬಂದ ಮೇಲೆಯೇ ಲಕ್ಷ್ಮಿ ಬಂದಳು ಅಂತ ಅವನ ನಂಬಿಕೆ. ವ್ಯಾಪಾರದ ಮಾತಿಗೆ ಹೋಗಬೇಕಾದರೆ ಅದರಲ್ಲೇ ಹೋಗಬೇಕು. ಎಡಗಡೆ ಚಾಸಿ ಮಡಚಿಹೋಗಿತ್ತು. ಕಂಪನಿ ಆ ಮಾದರಿಯನ್ನು ಮಾಡುವುದು ಬಿಟ್ಟು ಬಹಳ ಕಾಲವಾಗಿತ್ತು. ಗುಜರಿಯಲ್ಲಿ ಸಿಕ್ಕವೆಲ್ಲ ತುಕ್ಕು ತಿಂದವು. ಅರುಣಕುಮಾರ ಶಕೀಲನಿಗೆ ಹೇಳಿದ್ದು ಇಷ್ಟೇ: ಇದನ್ನು ಹೊಸದರಂತೆ ಮಾಡಿಕೊಟ್ಟರೆ ತನ್ನ ಟೆಂಪೋಗಳ ಕೆಲಸವೆಲ್ಲ ಇನ್ನು ಮುಂದೆ ಈ ಗ್ಯಾರೇಜಿಗೇ.

ಶಕೀಲ ಒಂದು ರಾತ್ರಿ ವಿಚಾರ ಮಾಡಿದನಂತೆ. ಅಷ್ಟಾದರೂ ಮಾಡಿದ ಅನ್ನೋಣ.

ಒಂದು ಮುಂಜಾನೆ ಅವನು ಟೆಂಪೋದಲ್ಲಿ ಗ್ಯಾಸಿನ ಸಿಲಿಂಡರು, ಗ್ರೈಂಡರು, ಜಾಕುಗಳನ್ನು ಹೇರಿಕೊಂಡು, ಮೂವರು ಕೆಲಸಗಾರರನ್ನು ಕರೆದುಕೊಂಡು ತಿಕೋಟಾಕ್ಕೆ ಬಂದ. ಗಾಡಿ ನಿಂತೇ ಇದ್ದರೆ ಹಾಳಾಗುತ್ತದೆ, ನೋಡಿ ಸರಿ ಮಾಡುತ್ತೇನೆ ಅಂದ. ಶಾಹಿಸ್ತಾ ಕಿಟಕಿಯ ಪರದೆಯ ಹಿಂದಿನಿಂದಲೇ ಅವನಿಗೆ ದುವಾ ಕೊಟ್ಟಳು. ಗಾಡಿಯ ಮೂತಿ ರಸ್ತೆಯ ಕಡೆ ಇತ್ತು. ಕಿಟಕಿಗೆ ಕಾಣುತ್ತಿದ್ದದ್ದು ಅದರ ಬೆನ್ನು, ಬೆನ್ನಿನ ಮೇಲಿನ ಸ್ಕೂಲಿನ ಹೆಸರು, ಕೆಂಪು ಬಣ್ಣದ ಎಲ್ ಅಕ್ಷರ.

ಸ್ವಲ್ಪ ಹೊತ್ತಿಗೆ ಗ್ರೈಂಡರು ಕಿರುಚತೊಡಗಿತು. ನಟ್ಟು ಬೋಲ್ಟು ಬಿಚ್ಚುವ ಸದ್ದಲ್ಲ, ಕಬ್ಬಿಣವನ್ನು ಕೊಯ್ಯುವ ಸದ್ದು. ಗಾಡಿಯ ಬೆನ್ನು ನಡುಗುತ್ತಿತ್ತು. ಶಾಹಿಸ್ತಾ ಪರದೆಯ ಹಿಂದಿನಿಂದ ಕೂಗಿದಳು.

"ಭಾಯಿ, ಏನ್ ಮಾಡಾಕತ್ತಿ?"

"ಮುಂದ ತುಕ್ಕ ಹತ್ತೇತಿ. ತಗಿಯಾಕತ್ತೇನಿ."

"ಅದಕ್ಕ ಅವರು ಬಣ್ಣಾ ಬಳದಿದ್ರಲ್ಲ. ತುಕ್ಕ ಹೆಂಗ ಹತ್ತತೈತಿ?"

"ಗಾಡಿ ಹೊಡ್ಯೂದು ನಿನಗ ಗೊತ್ತು. ಗಾಡಿ ಕೊಯ್ಯೂದು ನನಗ ಗೊತ್ತು. ಸುಮ್ಮ ಕುಂದ್ರು."

"ನಾ ಬಂದು ಒಮ್ಮಿ ನೋಡ್ತೇನಿ ತಡಿ."

ಶಕೀಲ ಗ್ರೈಂಡರು ನಿಲ್ಲಿಸಿ ಕಿಟಕಿಯ ಹತ್ತಿರ ಬಂದ. ದನಿ ಏರಿಸಲಿಲ್ಲ. ಕೆಲಸಗಾರರಿಗೆ ಕೇಳುವಷ್ಟೇ ಜೋರು ಇಟ್ಟುಕೊಂಡ.

"ನೋಡ್ತಿ? ಅಶ್ಫಾಕನ ಕಬರಿನ ಮಣ್ಣ ಇನ್ನೂ ಆರಿಲ್ಲ. ಮೂರು ಮಂದಿ ಪರಗಂಡಸರು ನಿಂತಾರಿಲ್ಲಿ. ಬಾ, ಬಂದು ಅವರ ಮುಂದ ನಿಂದ್ರು. ನಾಳಿಗೆ ಊರಾಗ ನಿನ್ನ ಹೆಸರು ಏನಾಕ್ಕೇತಿ, ನೋಡೂಣಂತ."

ಅತ್ತೆ ಅಬೇದಾ ಮೂಲೆಯಲ್ಲಿ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. "ಹೋಗ ಬೇ ಮಗಳ," ಅಂದಳು. "ಜರೂರ ಇದ್ದಾಗ ಹೊರಗ ಹೋದ್ರ ತಪ್ಪಿಲ್ಲ, ನಮ್ಮ ದೊಡ್ಡವರು ಹಂಗ ಹೇಳ್ಯಾರ. ಅದು ನಿನ್ನ ಅನ್ನದ ಗಾಡಿ. ಚಾದರ ಹೊತಗೊಂಡು ಹೋಗು."

ಶಾಹಿಸ್ತಾ ಎದ್ದಳು. ಚಾದರವನ್ನೂ ಹೊದ್ದಳು. ಹಸಿರು ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈ ಇಟ್ಟಳು. ಹೊರಗೆ ಕೆಲಸಗಾರನೊಬ್ಬ ಏನೋ ಅಂದು ನಕ್ಕ. ತನ್ನನ್ನೇ ಆಡಿಕೊಂಡು ನಕ್ಕ ಅನಿಸಿತು. ಸಾಕಿದ ಅಣ್ಣ ಅವನು, ನನ್ನ ಗಾಡಿಗೆ ಕೆಟ್ಟದ್ದು ಮಾಡುತ್ತಾನೆಯೇ ಅಂತ ತನಗೆ ತಾನೇ ಹೇಳಿಕೊಂಡು ಕೈ ಹಿಂದಕ್ಕೆ ತೆಗೆದಳು. ಗ್ರೈಂಡರು ಮತ್ತೆ ಶುರುವಾಯಿತು. ಆಕೆ ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಗಿಯುವ ತನಕ ಅಲ್ಲೇ ಕೂತಿದ್ದಳು.

ಸಂಜೆಗೆ ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ತಾಡಪಾಲು ಹೊದಿಸಿ ಹೋದರು. ಕೆಲವು ದಿನ ಬಿಟ್ಟು ಮತ್ತೆ ಬಂದು ಏನೋ ಬೆಸೆದು, ಬಡಿದು, ಬಣ್ಣ ಹೊಡೆದು ಹೋದರು. ನಡುವೆ ಒಂದು ಭಾನುವಾರ ಕೈನಾತ ಫುಪ್ಪುವನ್ನು ನೋಡಲು ಬಂದಳು. ಶಾಹಿಸ್ತಾಳನ್ನು ಆ ಹುಡುಗಿ ಕರೆಯುತ್ತಿದ್ದದ್ದು ಹಾಗೆ. ಬಂದವಳೇ ಮಡಿಲಲ್ಲಿ ತಲೆಯಿಟ್ಟು ಗ್ಯಾರೇಜಿನ ಸುದ್ದಿಯನ್ನೆಲ್ಲ ಸುರಿದಳು.

"ಬಬಲೇಶ್ವರ ಸಾಹುಕಾರನ ಗಾಡಿಗೆ ಅಬ್ಬಾ ಸಾಂಗ್ಲಿಯಿಂದ ಚಾಸಿ ತಂದಾನ ಫುಪ್ಪು. ಎಷ್ಟ ಛಂದ ಹಚ್ಯಾನ ಅಂತಿ! ಮೂಲಿಂದ ಮೂಲಿಗೆ ದಾರಾ ಹಿಡದು ಅಳತಿ ನೋಡ್ಯಾನ. ಬಾಗಲಾ ಎಲ್ಲಾ ಮುಚ್ಚಿಸಿ ಇಲ್ಲೊಂದ ಚೂರು, ಅಲ್ಲೊಂದ ಚೂರು ಬೆಸದಾನ. ಒಮ್ಮೆಲೆ ಬೆಸದ್ರ ಕಬ್ಬಿಣ ಎಳೀತೈತಂತ. ನಾ ಕುಂತು ಬಂದ್ನಿ. ಸಾಹುಕಾರ ಇಷ್ಟ ಒಣದ್ರಾಕ್ಷಿ ಕೊಟ್ಟ."

ಶಾಹಿಸ್ತಾಳಿಗೆ ಆಗ ಏನೂ ಹೊಳೆಯಲಿಲ್ಲ. ಅಣ್ಣನ ಕೈಗುಣಕ್ಕೆ ಹೆಮ್ಮೆಯೇ ಆಯಿತು.

ಇದ್ದತ್ ಮುಗಿಯಿತು. ಶಕೀಲ ಬೈಕಿನ ಮೇಲೆ ಕೈನಾತಳನ್ನೂ ಕೂರಿಸಿಕೊಂಡು ತಿಕೋಟಾಕ್ಕೆ ಬಂದ. ಬಂದವನು ಬೇರೆಯೇ ಮಾತು ತೆಗೆದ.

"ಇನ್ನ ಗಾಡಿ ಯಾಕ ನಿನಗ? ಮಾರಿಬಿಡೂಣು. ನೀನೂ ಅಬೇದಾ ಅಮ್ಮಾನೂ ನಮ್ಮ ಮನಿಗೆ ಬರ್ರಿ. ನಿನ್ನ ಭಾಭಿಗೂ ಅಡಗಿ ಕೆಲಸಕ್ಕ ಆಸರ ಆಕ್ಕೇತಿ."

"ಇಲ್ಲ ಭಾಯಿ. ಸೋಮವಾರದಿಂದ ಕ್ಲಾಸ್ ಹಚ್ಚೇನಿ. ವಿಜಯಲಕ್ಷ್ಮೀ ಅಕ್ಕಾರಿಗೆ ಹೇಳೇನಿ."

ಶಕೀಲನ ಮುಖ ಒಂದು ಗಳಿಗೆ ಇಳಿದುಹೋಯಿತು. ಗಂಡ ಸತ್ತವಳು ಇನ್ನೆಲ್ಲಿ ಗಾಡಿ ಹೊಡೆಯುತ್ತಾಳೆ, ತಾಡಪಾಲಿನ ಕೆಳಗೆ ಕೊಳೆತುಹೋಗಲಿ ಅಂತ ಅವನು ಲೆಕ್ಕ ಹಾಕಿಕೊಂಡಿದ್ದ. ಆಗಲಾದರೂ ಬಾಯಿ ಬಿಟ್ಟಿದ್ದರೆ ಸಾಕಿತ್ತು. ತಂಗಿ ಅತ್ತು, ಬೈದು, ಕೊನೆಗೆ ಕ್ಷಮಿಸಿಯೂ ಬಿಡುತ್ತಿದ್ದಳು, ಅಂಥವಳೇ ಆಕೆ. ಆದರೆ ಬಾಯಿ ಬಿಟ್ಟರೆ ಬಬಲೇಶ್ವರದ ತನಕ ಸುದ್ದಿ ಹೋಗುತ್ತದಲ್ಲ. ಅವನು ಕಿಸೆಯಿಂದ ಕೀಲಿ ತೆಗೆದು ಆಕೆಯ ಕೈಗೆ ಹಾಕಿದ.

"ಹೊಡಿ. ಎಲ್ಲಾ ಸರಿ ಮಾಡೇನಿ."

ಕೀಲಿಯ ಸದ್ದು ಕೇಳಿದ್ದೇ ತಡ, ಕೈನಾತ ರೂಢಿಯಂತೆ ಓಡಿಹೋಗಿ ಗಾಡಿಯ ಎಡಗಡೆ ಬಾಗಿಲು ತೆಗೆದು ಕೂತು ಬೆಲ್ಟು ಎಳೆದುಕೊಂಡಳು. ಶಕೀಲ ಹಾರಿಬಿದ್ದವನಂತೆ ಹೋಗಿ ಆಕೆಯ ರಟ್ಟೆ ಹಿಡಿದ.

"ಇಳಿ! ಇಳಿ ಅಂದೆ!"

"ಯಾಕ ಅಬ್ಬಾ? ರಿಪೇರಿ ಆಗೇತಲ್ಲ, ಕುಂದರಬೇಕಲ್ಲ?"

"ಹೊತ್ತಾಗೇತಿ. ನಡಿ."

ಹುಡುಗಿಯನ್ನು ಎಳೆದು ಬೈಕಿಗೆ ಹತ್ತಿಸಿಕೊಂಡು ಹೊರಟೇಹೋದ. ಚಹಾ ಕೂಡ ಕುಡಿಯಲಿಲ್ಲ. ಶಾಹಿಸ್ತಾ ಕೀಲಿ ಹಿಡಿದು ಅಂಗಳದಲ್ಲಿ ನಿಂತಳು. ಹೊತ್ತು ಇನ್ನೂ ಏರಿರಲಿಲ್ಲ, ಶಾಲೆಗೂ ರಜೆ ಇತ್ತು.

ಗಾಡಿಯನ್ನು ಊರ ಹೊರಗೆ ನೇರ ರಸ್ತೆಗೆ ತಂದಳು. ಸ್ಟೇರಿಂಗಿನ ಮೇಲಿನ ಕೈ ಸಡಿಲಿಸಿದರೆ ಗಾಡಿ ಎಡಕ್ಕೆ ಹೋಗುತ್ತಿತ್ತು. ಬ್ರೇಕು ಒತ್ತಿದರೆ ಎಡಗಡೆ ಮೂತಿ ಮೊದಲು ಕುಸಿಯುತ್ತಿತ್ತು. ಇಷ್ಟು ವರ್ಷ ಆ ಗಾಡಿ ಆಕೆಯನ್ನು ಹಾಗೆ ಎಳೆದದ್ದೇ ಇಲ್ಲ. ಮನೆಗೆ ತಂದು, ಗೋಣಿಚೀಲ ಹಾಸಿ, ಮೊಬೈಲಿನ ಬೆಳಕು ಹಿಡಿದು ಕೆಳಗೆ ಹೊಕ್ಕಳು.

ಬಲಗಡೆ ಚಾಸಿಯ ತೂತುಗಳಲ್ಲಿ ಹಸಿರು ಬಣ್ಣ ಹಾಗೇ ಇತ್ತು. ಎಡಗಡೆಯದು ಒಳಗೂ ಹೊರಗೂ ಕರ್ರಗೆ. ಚಾಕುವಿನ ತುದಿಯಿಂದ ಕೆರೆದಳು. ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿ ಒಣಗಿದ ಹಿಟ್ಟಿನ ಹಾಗೆ ಉದುರಿ ಮುಖದ ಮೇಲೆ ಬಿತ್ತು. ಅದರ ಕೆಳಗೆ ಕಬ್ಬಿಣ ಒಮ್ಮೆ ಮಡಚಿ ಮತ್ತೆ ಬಡಿದು ನೆಟ್ಟಗೆ ಮಾಡಿದ ಗುರುತು, ಗೆರೆ ಗೆರೆ. ಒಂದು ಕಡೆ ಸೀಳೇ ಬಿಟ್ಟಿತ್ತು. ದಾರವಿಲ್ಲ, ಅಳತೆಯಿಲ್ಲ, ಒಂದೇ ಉಸಿರಿಗೆ ಬೆಸೆದ ದಪ್ಪ ಬೆಸುಗೆ. ಕೈನಾತ ಮಡಿಲಲ್ಲಿ ಮಲಗಿ ಹೇಳಿದ ಸುದ್ದಿ ಈಗ ಆಕೆಗೆ ಪೂರ್ತಿ ತಿಳಿಯಿತು. ತನ್ನದನ್ನು ಕೊಯ್ದು ಸಾಹುಕಾರನಿಗೆ ಹಾಕಿದ್ದಾನೆ. ಸಾಹುಕಾರನ ಮುರಿದದ್ದನ್ನು ಬಡಿದು ತನಗೆ ಹಾಕಿದ್ದಾನೆ. ಒಂದು ಸಣ್ಣ ಗುದ್ದು ಬಿದ್ದರೂ ಎಡಗಡೆ ಪೂರ್ತಿ ಒಳಗೆ ಬರುತ್ತದೆ. ಕಲಿಸುವಾಗ ಎಡಗಡೆ ಕೂರುವವಳು ತಾನೇ. ಅವನು ಮಗಳನ್ನು ಎಳೆದು ಇಳಿಸಿಕೊಂಡ. ತಂಗಿಗೆ ಹೊಡಿ ಅಂದ.

ಶಾಹಿಸ್ತಾ ಗಾಡಿಯ ಕೆಳಗೇ ಮಲಗಿ ಅತ್ತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಇದು ಕಹಿ. ಅವನು ಸತ್ತದ್ದರಲ್ಲಿ ಯಾರ ತಪ್ಪೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿಯನ್ನು ರಸ್ತೆಯ ಅಂಚಿಗೆ ಹಿಡಿದು, ಸೈಕಲ್ಲಿನವರೂ ದಾಟಿ ಹೋಗುವಷ್ಟು ನಿಧಾನವಾಗಿ, ಒಬ್ಬಳೇ ವಿಜಯಪುರಕ್ಕೆ ಹೊಡೆದಳು. ಗ್ಯಾರೇಜಿನ ಮುಂದೆ ಮಂದಿ ಇದ್ದರು. ಬೆಂಚಿನ ಮೇಲೆ ಚಹಾ ಕುಡಿಯುತ್ತ ನಾಲ್ಕಾರು ಗಿರಾಕಿಗಳು. ನಡುವೆ ಅರುಣಕುಮಾರ. ಹಾರ್ನು ಕೆಟ್ಟಿತ್ತಂತ ಅವನ ಮಾರುತಿಯ ಬಾನೆಟ್ಟು ತೆರೆದಿಟ್ಟಿದ್ದರು. ಶಾಹಿಸ್ತಾ ಯಾರನ್ನೂ ಮಾತಾಡಿಸದೆ ನೇರ ಅದರ ಹತ್ತಿರ ಹೋಗಿ ಬಗ್ಗಿದಳು. ಎಡಗಡೆ ಚಾಸಿಯ ಹೊರಗೆಲ್ಲ ಹೊಸ ಕಪ್ಪು ಬಣ್ಣ. ತೂತಿನೊಳಗೆ ಬೆರಳು ಹಾಕಿ ಉಗುರಿನಿಂದ ಕೆರೆದು ತೆಗೆದಳು. ಉಗುರಿನ ತುದಿಗೆ ಹಸಿರು ಚೂರು ಬಂತು.

"ಇದು ನನ್ನ ಮನಿ ಬಾಗಲದ ಬಣ್ಣ," ಅಂದಳು. ಎಲ್ಲರಿಗೂ ಕೇಳಿತು. "ನನ್ನ ಗಂಡ ಬಳದದ್ದು. ನಾ ಇದ್ದತ್ತಿನ್ಯಾಗ ಒಳಗ ಕುಂತಾಗ ನಮ್ಮ ಅಣ್ಣ ನನ್ನ ಗಾಡಿ ಚಾಸಿ ಕೊಯ್ದು ಇದಕ್ಕ ಹಾಕ್ಯಾನ. ಇದರ ಮುರಕ ಚಾಸಿ ನನ್ನ ಗಾಡಿಗೆ ಹಾಕ್ಯಾನ. ಬರ್ರಿ, ಕೆಳಗ ಹೊಕ್ಕು ನೋಡ್ರಿ."

ಅರುಣಕುಮಾರ ಚಹಾದ ಕಪ್ಪು ಕೆಳಗಿಟ್ಟ. ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. "ನಾ ಕಬ್ಬಿಣಾ ಕೇಳೇನವಾ. ಯಾರ ಮನೀದು ಅಂತ ಕೇಳಿಲ್ಲ," ಅಂದ. "ಅಣ್ಣ ತಂಗಿ ಜಗಳ ನೀವ ಬಗಿಹರಿಸ್ಕೋರಿ. ನನ್ನ ಗಾಡಿ ಸರಿ ಐತಿಲ್ಲೋ ಶಕೀಲ?"

"ಒಂದ ನಂಬರ ಐತ್ರಿ ಸಾಹುಕಾರ್ರ," ಅಂದ ಶಕೀಲ. ಆಮೇಲೆ ಬೆಂಚಿನವರ ಕಡೆ ತಿರುಗಿ, ದನಿಯಲ್ಲಿ ಮರುಕ ತಂದುಕೊಂಡು, "ಗಂಡ ಹ್ವಾದ ದುಃಖದಾಗ ತಲಿ ಚಲೋ ಇಲ್ರಿ ಆಕಿಗೆ. ಹಸರ ಬಣ್ಣ ಯಾ ಅಂಗಡ್ಯಾಗ ಸಿಗಂಗಿಲ್ಲ ಹೇಳ್ರಿ? ಮನ್ನಿಂದ ಹಿಂಗ ಮಾಡಾಕತ್ತಾಳ."

ಬೆಂಚಿನವರು ಅಯ್ಯೋ ಪಾಪ ಅಂತ ತಲೆಯಾಡಿಸಿದರು. ಅವರ ಆ ಕನಿಕರ ಶಾಹಿಸ್ತಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಬ್ಬ ಮುದುಕ ಮಾತ್ರ, ನೋಡೇಬಿಡೋಣ ಅನ್ನುವಂತೆ ಎದ್ದು ಆಕೆಯ ಗಾಡಿಯ ಕಡೆ ಹೆಜ್ಜೆ ಇಟ್ಟ. ಶಕೀಲ ಅವನಿಗೆ ಅಡ್ಡ ಬಂದು ನಿಂತ.

"ನೋಡೂದೇನೈತ್ರಿ ಹಿರ್ಯಾರ? ನನ್ನ ಗ್ಯಾರಂಟಿ ಊರಿಗೇ ಗೊತ್ತೈತಿ. ಕೈನಾತ! ಲೇ ಕೈನಾತ! ಬಾ ಇಲ್ಲಿ."

ಹುಡುಗಿ ಕೈಯಲ್ಲಿ ಅರ್ಧ ರೊಟ್ಟಿ ಹಿಡಿದೇ ಓಡಿ ಬಂದಳು.

"ಫುಪ್ಪುನ ಗಾಡ್ಯಾಗ ಕುಂದ್ರು."

"ನಿನ್ನೆ ಬ್ಯಾಡ ಅಂದಿ?"

"ಈಗ ಕುಂದ್ರು ಅಂದೆ."

ಕೈನಾತ ಕೂತಳು. ಬೆಲ್ಟು ಹಾಕಿಕೊಂಡಳು. ಎಡಗಡೆಯ ಇನ್ನೊಂದು ಬ್ರೇಕು ಕಂಡು ಅದಕ್ಕೆ ಕಾಲು ಮುಟ್ಟುತ್ತದೋ ಇಲ್ಲವೋ ಅಂತ ಚಾಚಿ ನೋಡಿದಳು. ಶಾಹಿಸ್ತಾ ಅಣ್ಣನ ಮುಖವನ್ನೇ ನೋಡಿದಳು. ಈಗ ತಡೆಯುತ್ತಾನೆ, ಈಗ ತಡೆಯುತ್ತಾನೆ ಅಂದುಕೊಂಡಳು. ಅವನು ಡ್ರೈವರಿನ ಬಾಗಿಲು ತಾನೇ ತೆಗೆದು ಹಿಡಿದ. ಆಕೆ ಕೂತು ಕೀಲಿ ತಿರುಗಿಸಿದಳು. ಅವನು ಕಿಟಕಿಗೆ ಬಗ್ಗಿ, ಆಕೆಗಷ್ಟೇ ಕೇಳುವ ಹಾಗೆ ಹೇಳಿದ.

"ಹೊಡಿ. ಬೈಪಾಸಿನ ಮಟಾ ಜೋರ ಹೊಡಕೊಂಡ ಬಾ. ನೀ ಹೊಡ್ಯಂಗಿಲ್ಲ, ನನಗ ಗೊತ್ತೈತಿ."

ಬೈಪಾಸಿನ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಪಕ್ಕದಲ್ಲಿ ಹುಡುಗಿ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು ಆಕೆಯನ್ನು ನೋಡಿ ನಕ್ಕಳು. ಸಣ್ಣ ಮೊಳಕಾಲುಗಳು ಸರಿಯಾಗಿ ಆ ಮುರುಕು ಚಾಸಿಯ ಹಿಂದೆಯೇ ಇದ್ದವು. ಶಾಹಿಸ್ತಾ ಗಾಡಿ ಬಂದ್ ಮಾಡಿ ಕೆಳಗಿಳಿದಳು.

ಶಕೀಲ ಕೈ ತಟ್ಟಿದ. "ನೋಡಿದ್ರಿಲ್ಲೋ? ನಾ ನನ್ನ ಮಗಳನ ಕುಂದ್ರಿಸೇನಿ. ಹೊಡಿ ಅಂದ್ರ ಆಕೀನ ಹೊಡಿವಲ್ಲಳು. ಯಾರದು ಖರೆ, ಯಾರದು ಸುಳ್ಳು ನೀವ ಹೇಳ್ರಿ."

ಬೆಂಚಿನವರು ನಕ್ಕರು. ಎದ್ದಿದ್ದ ಮುದುಕನೂ ಹೋಗಿ ಕೂತುಕೊಂಡ. ಅರುಣಕುಮಾರ, "ಮನಿಗೆ ಹೋಗಿ ಅರಾಮ ಮಾಡವಾ," ಅಂದ. ಶಾಹಿಸ್ತಾ ಚಾದರದ ಅಂಚಿನಿಂದ ಕಣ್ಣು ಒರೆಸಿಕೊಂಡಳು. ಆ ಕೂಸಿನ ಮೇಲೆ ತನಗಿರುವ ಜೀವವನ್ನೇ ತನ್ನ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದ ಅವನು. ಇಂಥ ಸೋಲು ಇರುತ್ತದೆ ಅಂತ ಆಕೆಗೆ ಗೊತ್ತಿರಲಿಲ್ಲ.

ಕೈನಾತ ಇನ್ನೂ ಗಾಡಿಯಲ್ಲೇ ಇದ್ದಳು. ಫುಪ್ಪು ಅಳುವುದನ್ನು ನೋಡಿದಳು. ರಟ್ಟೆಯ ಮೇಲೆ ನಿನ್ನೆ ಅಪ್ಪ ಹಿಡಿದೆಳೆದ ಕಡೆ ಕಂದಿತ್ತು, ಅದನ್ನು ಸವರಿಕೊಂಡಳು. ರೊಟ್ಟಿಯನ್ನು ಪಕ್ಕಕ್ಕಿಟ್ಟಳು.

"ಅಬ್ಬಾ, ಫುಪ್ಪು ಬ್ಯಾಡಂದ್ರ ಬಿಡಲಿ. ನೀ ಹೊಡಿ ಬಾ."

ಶಕೀಲ ನಗುತ್ತಲೇ ಇದ್ದ. "ನನಗ ಕೆಲಸ ಐತಿ. ಇಳಿ ನೀ ಇನ್ನ."

"ಒಂದ ಸುತ್ತು. ನಾ ಕುಂತೇನಲ್ಲ, ನೀ ಹೊಡಿ. ಆಗ ಎಲ್ಲಾರೂ ನಂಬತಾರ."

"ಹೌದೋ ಶಕೀಲ, ಹೊಡದ ತೋರಿಸಿಬಿಡು. ಜಗಳನ ಮುಗೀತೈತಿ," ಅಂದ ಅರುಣಕುಮಾರ.

ಡ್ರೈವರಿನ ಬಾಗಿಲು ತೆರೆದೇ ಇತ್ತು. ಕೀಲಿ ಅದರಲ್ಲೇ ಇತ್ತು. ಎಲ್ಲರೂ ಶಕೀಲನನ್ನು ನೋಡಿದರು. ಅವನು ಒಂದು ಹೆಜ್ಜೆ ಮುಂದಿಟ್ಟ. ಅಲ್ಲಿಗೇ ನಿಂತುಬಿಟ್ಟ. ಕೈಗಂಟಿದ ಗ್ರೀಸನ್ನು ಅರಿವೆಯಿಂದ ಒರೆಸಿದ, ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಬೆಂಚಿನ ಮೇಲಿನ ನಗು ನಿಂತಿತು.

ಕೈನಾತ ಅವನ ಕಾಲುಗಳನ್ನು ನೋಡುತ್ತಿದ್ದಳು.

"ಅಬ್ಬಾ, ಇದರಾಗ ನೀ ಕುಂದರಂಗಿಲ್ಲ. ಯಾವದರಾಗೂ ನೀ ಕುಂತಿಲ್ಲ," ಅಂದಳು. "ಇಷ್ಟ ವರ್ಷ ನನ್ನ ಕುಂದ್ರಿಸಿದ್ಯಲ್ಲ, ಅದರಾಗ ಇಂಥಾ ಗಾಡಿ ಎಷ್ಟಿದ್ದೂ?"

ಒಂದೂ ಇರಲಿಲ್ಲ ಅಂತ ಆ ಮನುಷ್ಯ ಆಗಲೂ ಹೇಳಬಹುದಿತ್ತು. ಬೇರೆಯವರಿಗೆಲ್ಲ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನಾಲಿಗೆ ಮಗಳ ಮುಂದೆ ಹೊರಳಲಿಲ್ಲ. ಅವನು ಎಲ್ಲೋ ನೋಡುತ್ತ ಅಂದ:

"ಆಗ ನೀ ಸಣ್ಣಾಕಿ ಇದ್ದಿ. ನಿನಗೇನು ತಿಳೀತಿತ್ತು?"

ಕೈನಾತ ಬೆಲ್ಟು ಬಿಚ್ಚಿದಳು. ಇಳಿದು ಬಂದು ಶಾಹಿಸ್ತಾಳ ಬೆನ್ನ ಹಿಂದೆ ನಿಂತು ಚಾದರದ ಅಂಚು ಹಿಡಿದುಕೊಂಡಳು. ಶಾಹಿಸ್ತಾಳಿಗೆ ಗೆದ್ದೆ ಅನಿಸಲಿಲ್ಲ. ಗಾಡಿ ಹಾಗೇ ಇತ್ತು, ಚಾಸಿ ಹಾಗೇ ಮುರಿದಿತ್ತು. ಸೋಮವಾರ ಜಲನಗರದಲ್ಲಿ ಕಾಯುವ ವಿಜಯಲಕ್ಷ್ಮೀಗೆ ಏನು ಹೇಳುವುದೆಂದು ಆಕೆಗೆ ಗೊತ್ತಿರಲಿಲ್ಲ. ಈಗ ಅದರ ಮೇಲೆ ಈ ಹುಡುಗಿಯ ಕೈ ಬೇರೆ, ತಣ್ಣಗೆ, ಚಾದರವನ್ನು ಬಿಗಿಯಾಗಿ ಹಿಡಿದ ಕೈ.

ಬೆಂಚಿನ ಮೇಲಿನವರು ಒಬ್ಬೊಬ್ಬರಾಗಿ ಎದ್ದರು. ರಸ್ತೆಯ ಬದಿ ಸಾಲಾಗಿ ನಿಂತ ತಮ್ಮ ತಮ್ಮ ಗಾಡಿಗಳ ಹತ್ತಿರ ಹೋಗಿ ಬಾನೆಟ್ಟು ಎತ್ತಿ, ಬಗ್ಗಿ, ಕೆಳಗೆ ನೋಡತೊಡಗಿದರು. ಅರುಣಕುಮಾರ ಕೀಲಿ ಕೈಯಲ್ಲಿ ಹಿಡಿದು ತನ್ನ ಲಕ್ಷ್ಮಿಯ ಗಾಡಿಯ ಬಾಗಿಲ ತನಕ ಹೋದ. ಬಾಗಿಲು ತೆಗೆದ. ಒಳಗೆ ಕೂರದೆ, ತಿರುಗಿ ಶಕೀಲನನ್ನು ಕರೆದ.

"ಬಾರೋ. ಮೊದಲ ನೀ ಕುಂದ್ರು."